ಸೋಮವಾರ ಉಳಿದ ಡೀಸೆಲ್

ಡೀಸೆಲ್ ಕಡಿಮೆಯಾದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಎಲ್ಲೋ ಸೋರಿರಬೇಕು, ಇಲ್ಲವೇ ಯಾರೋ ಪೈಪು ಹಾಕಿ ಎಳೆದಿರಬೇಕು ಎಂದು ಬೈದು ಸುಮ್ಮನಾಗುತ್ತೇವೆ. ನಮ್ಮಲ್ಲಿ ಹೆಚ್ಚಾಗಿತ್ತು. ಜನರೇಟರಿನ ಟಾಕಿಯಲ್ಲಿ ಇರಬೇಕಾದದ್ದಕ್ಕಿಂತ ಜಾಸ್ತಿ ಡೀಸೆಲ್ ಇತ್ತು. ಒಂದು ವಾರ ಹಾಗಾಗಿದ್ದರೆ ನನ್ನ ಕಣ್ಣೇ ತಪ್ಪಿದೆ ಅಂದುಕೊಳ್ಳುತ್ತಿದ್ದೆ. ಮೂರು ವಾರ ಹಾಗೇ ಆಯಿತು.

ಇಂಡಿಯಿಂದ ಹೊರ್ತಿ ಕಡೆ ಹೋಗುವ ರಸ್ತೆಯಲ್ಲಿ ಲಿಂಬೆ ಬೆಳೆಗಾರರ ಸಂಘದ ತಂಪು ಕೋಣೆಯಿದೆ. ಜನ ಅದನ್ನು ಥಂಡಿ ಖೋಲಿ ಅನ್ನುತ್ತಾರೆ. ದೊಡ್ಡದೇನಲ್ಲ, ಎರಡು ಲಾರಿ ನಿಲ್ಲುವಷ್ಟು ಜಾಗ. ಗೋಡೆ ಕಟ್ಟಿದ್ದಲ್ಲ, ಜೋಡಿಸಿದ್ದು. ಒಳಗೆ ಗಟ್ಟಿ ನೊರೆ ತುಂಬಿದ ಬಿಳಿ ಹಲಗೆಗಳನ್ನು ಬೋಲ್ಟು ಹಾಕಿ ನಿಲ್ಲಿಸಿದ್ದಾರೆ. ಸುತ್ತಲಿನ ಸಣ್ಣ ರೈತರು ಕಿತ್ತು ತಂದ ಲಿಂಬೆಯನ್ನು ಅಲ್ಲಿಟ್ಟು, ಸಂಘದ ವ್ಯಾನಿನಲ್ಲಿ ಸಿಂದಗಿ, ಬಸವನ ಬಾಗೇವಾಡಿ, ಕೊನೆಗೆ ಮುದ್ದೇಬಿಹಾಳದವರೆಗೆ ಒಯ್ಯುತ್ತೇವೆ. ಮೂರೂ ಊರುಗಳಲ್ಲಿ ಹೆಣ್ಣುಮಕ್ಕಳ ಗುಂಪುಗಳು ನಡೆಸುವ ಅಂಗಡಿಗಳಿವೆ. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಕೆಟ್ಟಿತು, ಎಷ್ಟು ಉಳಿಯಿತು ಎಂದು ಕಂಪ್ಯೂಟರಿನಲ್ಲಿ ಬರೆಯುವುದು ನನ್ನ ಕೆಲಸ.

ಆ ಕೆಲಸ ನನಗೆ ಸಿಕ್ಕಿದ್ದು ನಲವತ್ತರ ಹತ್ತಿರ. ಅದಕ್ಕೂ ಮೊದಲು ಸಿಂದಗಿಯ ಮಾರ್ಕೆಟ್ಟಿನಲ್ಲಿ ತೊಗರಿ ಚೀಲ ಹೊತ್ತಿದ್ದೇನೆ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಭಜಿ ಕರಿದಿದ್ದೇನೆ. ಹತ್ತನೆಯ ಇಯತ್ತೆ ಪಾಸಾದಾಗ ನನಗೆ ಮೂವತ್ತೊಂಬತ್ತು ವರ್ಷ. ಪರೀಕ್ಷೆಯ ಕೋಣೆಯಲ್ಲಿ ನನ್ನನ್ನು ನೋಡಿದ ಹುಡುಗಿಯೊಬ್ಬಳು ಮೇಲ್ವಿಚಾರಕರು ಅಂದುಕೊಂಡು ಎದ್ದು ನಿಂತಿದ್ದಳು. ಆಮೇಲೆ ಒಂದು ಬೆರಳಿನಿಂದ ಟೈಪು ಕಲಿತೆ. ಈಗ ಎರಡು ಬೆರಳು ಓಡುತ್ತವೆ. ನೆರಳಿನಲ್ಲಿ ಕೂತು ಅಕ್ಷರದಿಂದ ಮಾಡುವ ಕೆಲಸ ನನ್ನ ಜೀವನದಲ್ಲಿ ಅದೊಂದೇ.

ಕೋಣೆ ನಮ್ಮದಾಗಿರಲಿಲ್ಲ. ಒಂದು ಸಂಸ್ಥೆಯವರು ನಮಗೆ ಬಳಸಲು ಕೊಟ್ಟಿದ್ದರು. ಅವರ ಕಡೆಯಿಂದ ತಿಂಗಳಿಗೊಮ್ಮೆ ಒಬ್ಬ ಮೇಡಂ ಬರುತ್ತಿದ್ದರು, ಧಾರವಾಡದ ಕಡೆಯವರು. ಯುಗಾದಿ ಕಳೆದು ಬಿಸಿಲು ಏರತೊಡಗಿದಾಗ ಅವರೊಂದು ಕಾಗದ ತಂದರು. ಈ ಬೇಸಿಗೆಯಲ್ಲಿ ಒಂದು ಕ್ರೇಟ್ ಲಿಂಬೆಗೆ ಬೀಳುವ ಹೊಗೆಯ ತೂಕ ಹೋದ ಬೇಸಿಗೆಯ ಅರ್ಧಕ್ಕೆ ಇಳಿಯಬೇಕು. ಅದರ ಸಲುವಾಗಿ ಕೆಟ್ಟು ಎಸೆಯುವ ಲಿಂಬೆ ಹೆಚ್ಚಾಗಬಾರದು. ಇವೆರಡೂ ಆಗದಿದ್ದರೆ ಹಲಗೆ ಬಿಚ್ಚಿ ಕೋಣೆಯನ್ನು ಬೇರೆ ಜಿಲ್ಲೆಗೆ ಒಯ್ಯುತ್ತಾರೆ. ಬೋಲ್ಟು ಬಿಚ್ಚಲು ಒಂದು ದಿನ ಸಾಕು ಅನ್ನುವುದು ನನಗೆ ಗೊತ್ತಿತ್ತು. ಜೋಡಿಸುವಾಗ ನಾನೇ ಪಾನಾ ಹಿಡಿದು ನಿಂತಿದ್ದೆ.

ಆ ಕಾಗದವನ್ನು ನಾನು ನಾಲ್ಕು ಸಲ ಓದಿದೆ. ಹೆದರಿಕೆಯಾಯಿತು, ಅದು ನಿಜ. ಆದರೆ ಹೆದರಿಕೆಗಿಂತ ಮುಂಚೆ ಒಂದು ಪ್ರಶ್ನೆ ಬಂತು. ಹೊಗೆಯನ್ನು ತೂಗುವುದು ಹೇಗೆ? ತಕ್ಕಡಿಯಲ್ಲಿ ಇಟ್ಟರೆ ಮೇಲಕ್ಕೆ ಹೋಗುವ ವಸ್ತು ಅದು.

ಕೇಳಿದ್ದಕ್ಕೆ ಮೇಡಂ ನಗಲಿಲ್ಲ. ಹೊಗೆಯನ್ನು ಯಾರೂ ತೂಗುವುದಿಲ್ಲ, ಸುಟ್ಟ ಡೀಸೆಲಿನಿಂದ ಲೆಕ್ಕ ಹಾಕುತ್ತಾರೆ ಎಂದು ವಿವರಿಸಿದರು. ಕಣ್ಣಿಗೆ ಕಾಣುವ ಕರಿ ಹೊಗೆ ದೊಡ್ಡ ಮಾತಲ್ಲ, ಕಾಣದ ಗಾಳಿಯೊಂದು ಹೊರಗೆ ಹೋಗುತ್ತದೆ, ಭೂಮಿಯ ಬಿಸಿ ಹೆಚ್ಚಿಸುವುದು ಅದು. ಒಂದು ಲೀಟರ್ ಡೀಸೆಲ್ ಸುಟ್ಟರೆ ಎರಡೂವರೆ ಕಿಲೋ ಮೀರಿ ಅಂಥ ಗಾಳಿ ಬರುತ್ತದೆ ಅಂದರು. ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಒಂದು ಲೀಟರ್ ಡೀಸೆಲ್ ಒಂದು ಕಿಲೋ ಕೂಡ ತೂಗುವುದಿಲ್ಲ. ಅದನ್ನು ಸುಟ್ಟರೆ ಎರಡೂವರೆ ಕಿಲೋ ಎಲ್ಲಿಂದ ಬರಬೇಕು? ಮೇಡಂ ಗಾಳಿಯಲ್ಲಿರುವ ಆಮ್ಲಜನಕ ಅಂದರು, ಕೂಡಿಕೊಳ್ಳುತ್ತದೆ ಅಂದರು. ವಿಜ್ಞಾನದಲ್ಲಿ ನಾನು ಪಾಸಾದದ್ದು ಒಂದೇ ಅಂಕದ ಮೇಲೆ. ಹೌದ್ರಿ ಅಂದೆ, ತಿಳಿಯಲಿಲ್ಲ.

ತಿಳಿಸಿದವರು ನಮ್ಮ ಕಾಕಾ. ಜನರೇಟರ್ ನೋಡಿಕೊಳ್ಳುವ ಮುದುಕರು ಅವರು, ಎಪ್ಪತ್ತರ ಸಮೀಪ. ದೇವಣಗಾಂವದ ಕಡೆಯಿಂದ ಮಗಳ ಊರಿಗೆ ಬಂದು ನೆಲೆ ನಿಂತವರು. ಬರೆಯಲು ಬಾರದು. ಜೀವನವಿಡೀ ಎತ್ತಿನ ಹಿಂದೆ ನಡೆದವರು, ಎತ್ತು ಮಾರಿದ ಮೇಲೆ ಜನರೇಟರಿನ ಹತ್ತಿರ ಬಂದು ಕೂತಿದ್ದರು. ಮೇಡಂ ಹೋದ ಮೇಲೆ ನಾನು ಅವರ ಮುಂದೆ ಈ ಗೊಂದಲ ಹೇಳಿಕೊಂಡೆ.

"ಮನ್ಯಾಗ ರೊಟ್ಟಿ ಮಾಡೂದು ನೋಡಿಲ್ಲೇನು?" ಅಂದರು. "ಸೇರ ಹಿಟ್ಟಿಗಿ ನೀರು ಕಲಸಿದ್ರ ಮುದ್ದಿ ಭಾರ ಆಗಂಗಿಲ್ಲೇನು? ಇದು ಗಾಳಿ ಕಲಸ್ಕೊಂತೈತಿ, ಅಷ್ಟ."

ಅಷ್ಟೇ ಆಗಿತ್ತು. ಅಂದಿನಿಂದ ಆ ಯಂತ್ರ ಸದ್ದು ಮಾಡುವಾಗಲೆಲ್ಲ ಅದು ನಮ್ಮ ಸುತ್ತಲಿನ ಗಾಳಿಯನ್ನು ಹಿಟ್ಟಿನಂತೆ ನಾದುತ್ತಿರುವ ಹಾಗೆ ನನಗೆ ಅನಿಸತೊಡಗಿತು.

ಕಡಿಮೆ ಮಾಡಬೇಕಾದರೆ ಮೊದಲು ಈಗ ಎಷ್ಟು ಸುಡುತ್ತಿದ್ದೇವೆ ಅನ್ನುವುದು ತಿಳಿಯಬೇಕು. ನಮ್ಮದು ಹೊಲದ ಲೈನಿನ ಕರೆಂಟು. ರಾತ್ರಿ ಮೂರು ಫೇಸ್ ಬರುತ್ತದೆ, ಬೇಸಿಗೆಯಲ್ಲಿ ಹಗಲು ಎಂಟು ತಾಸು ಇರುವುದಿಲ್ಲ. ಆ ಎಂಟು ತಾಸು ಜನರೇಟರ್. ಅಷ್ಟು ದಿನ ನಾನು ದಿನಕ್ಕೆ ಎಂಟು ತಾಸು ಎಂದು ಬರೆದು, ಮೆಕ್ಯಾನಿಕ್ ಹೇಳಿದ ಲೆಕ್ಕದಲ್ಲಿ ಡೀಸೆಲ್ ಬರೆಯುತ್ತಿದ್ದೆ. ಡ್ರಮ್ಮು ಖಾಲಿಯಾದರೆ ಸಂಘದ ಅಧ್ಯಕ್ಷರು ಹೊಸದು ತರಿಸುತ್ತಿದ್ದರು. ಎರಡನ್ನೂ ಯಾರೂ ಹೋಲಿಸಿ ನೋಡಿರಲಿಲ್ಲ. ಟಾಕಿಯ ಮೇಲಿನ ಗುರುತಿನ ಗಾಜು ಮಸುಕಾಗಿತ್ತು. ನಾನು ನೆಟ್ಟಗಿನ ಒಂದು ತೊಗರಿ ಕಟ್ಟಿಗೆ ಆರಿಸಿ, ಐದು ಲೀಟರಿನ ಡಬ್ಬಿಯಿಂದ ಡೀಸೆಲ್ ಸುರಿಯುತ್ತ ಸುರಿಯುತ್ತ ಅದರ ಮೇಲೆ ಚಾಕುವಿನಿಂದ ಗೆರೆ ಕೊರೆದೆ. ಶನಿವಾರಕ್ಕೊಮ್ಮೆ ಇಳಿಸಿ ನೋಡುತ್ತಿದ್ದೆ. ಮೂರು ಶನಿವಾರವೂ ನನ್ನ ಲೆಕ್ಕಕ್ಕಿಂತ ಡೀಸೆಲ್ ಹೆಚ್ಚು. ಹೆಚ್ಚಾದದ್ದು ಪ್ರತಿ ಸಲವೂ ಹೆಚ್ಚುಕಡಿಮೆ ಒಂದು ದಿನದ ಖರ್ಚಿನಷ್ಟು.

ಅಧ್ಯಕ್ಷರಿಗೆ ಹೇಳಿದೆ. ಅವರು ಲಿಂಬೆ ತೋಟವಿದ್ದ ದೊಡ್ಡ ಮನೆತನದವರು, ಎಲ್ಲರೂ ಗೌಡ್ರು ಅನ್ನುತ್ತೇವೆ. ಮಾತಿನಲ್ಲಿ ಚುಚ್ಚುವ ಅಭ್ಯಾಸ, ಮನಸ್ಸು ಒಳ್ಳೆಯದು. ನನ್ನನ್ನು ಅವರು ಕಂಪ್ಯೂಟರ್ ಸಾಹೇಬ್ರು ಎಂದೇ ಕರೆಯುತ್ತಿದ್ದರು.

"ಡೀಸೆಲ್ ಮರಿ ಹಾಕಾಕತ್ತೇತಿ ಅಂತೀರೇನ್ರಿ ಕಂಪ್ಯೂಟರ್ ಸಾಹೇಬ್ರ?" ಅಂದರು. "ಹಂಗಿದ್ರ ಇನ್ನೆರಡು ಟಾಕಿ ತರಸೂಣು."

ಆಮೇಲೆ ದಿನವೂ ಬೆಳಿಗ್ಗೆ, ಸಂಜೆ ಕಟ್ಟಿಗೆ ಇಳಿಸತೊಡಗಿದೆ. ಬುಧವಾರ ಸರಿ, ಗುರುವಾರ ಸರಿ, ಶುಕ್ರ, ಶನಿ, ರವಿವಾರ ಸರಿ. ಮಂಗಳವಾರ ಬೆಳಿಗ್ಗೆ ನೋಡಿದರೆ ಡೀಸೆಲ್ ರವಿವಾರ ಸಂಜೆ ಎಲ್ಲಿತ್ತೋ ಅಲ್ಲೇ ಇತ್ತು. ಒಂದು ಗೆರೆಯೂ ಇಳಿದಿರಲಿಲ್ಲ.

ಸೋಮವಾರ ನನಗೆ ರಜೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ತೋಟದಿಂದ ರಸ್ತೆಗೆ ಲಿಂಬೆ ಬರುವುದು ಇಂದಿಗೂ ಬಹಳ ಮಟ್ಟಿಗೆ ಗಾಡಿಯಲ್ಲೇ. ಹೀಗಾಗಿ ಸೋಮವಾರ ಲಿಂಬೆ ಬರುವುದಿಲ್ಲ, ವ್ಯಾನೂ ಹೋಗುವುದಿಲ್ಲ. ಮಂಗಳವಾರ ಬಂದು ಸೋಮವಾರದ ಸಾಲನ್ನು ನಾನು ಹೇಗೆ ತುಂಬುತ್ತಿದ್ದೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ರವಿವಾರದ ಸಾಲನ್ನು ಕಾಪಿ ಮಾಡಿ ಕೆಳಗೆ ಅಂಟಿಸುತ್ತಿದ್ದೆ. ಎರಡು ಬೆರಳಿನವನಿಗೆ ಕಂಪ್ಯೂಟರ್ ಕಲಿಸಿದ ದೊಡ್ಡ ಉಪಕಾರ ಅದು. ಜನರೇಟರ್ ಎಂಟು ತಾಸು, ಡೀಸೆಲ್ ಇಷ್ಟು. ಅದೇ ಸಂಖ್ಯೆ ಮೇಡಂ ಅವರ ಆಫೀಸಿಗೂ ಹೋಗುತ್ತಿತ್ತು.

ಮುಂದಿನ ಸೋಮವಾರ ರಜೆ ಇದ್ದರೂ ಹೋದೆ. ರಸ್ತೆಯಲ್ಲಿ ಇಳಿದಾಗಲೇ ಗೊತ್ತಾಯಿತು, ಸದ್ದಿಲ್ಲ. ಹತ್ತಿರ ಹೋದೆ. ಕಾಕಾ ಜನರೇಟರಿನ ಮೈಯನ್ನು ಒದ್ದೆ ಅರಿವೆಯಿಂದ ಒರೆಸಿ, ಅದರ ಹಣೆ ಅನ್ನಬಹುದಾದ ಜಾಗದಲ್ಲಿ ಮೂರು ಬೆರಳಿನ ವಿಭೂತಿ ಎಳೆದು, ಪಕ್ಕದಲ್ಲಿ ಗೋಣಿತಟ್ಟು ಹಾಸಿಕೊಂಡು ಅಡಿಕೆ ಕತ್ತರಿಸುತ್ತ ಕೂತಿದ್ದರು.

"ಯಾಕ ಕಾಕಾ, ಜನರೇಟರ್ ಕೆಟ್ಟೈತೇನು?"

"ಕೆಟ್ಟಿಲ್ಲ. ಇವತ್ತ ಸೋಮವಾರ ಅಲ್ಲೇನು?"

ಅವರೇ ಮುಂದುವರಿಸಿದರು. "ಎತ್ತಿಗಿ ಬಿಡ್ತೀವಿ. ಇದು ಎತ್ತಿಗಿಂತ ಹೆಚ್ಚು ದುಡಿತೈತಿ. ವಾರದಾಗ ಒಂದು ದಿನ ಉಸಿರು ಬಿಡಲಿ."

"ಇದು ಕಬ್ಬಣದ್ದು ಕಾಕಾ."

"ಕಬ್ಬಣದ್ದ ಇರಲಿ. ಮೈ ಕಾಯ್ತೈತಿಲ್ಲೋ? ಮೈ ಕಾಯೋದು ಯಾವುದಿದ್ರೂ ಅದಕ್ಕ ಒಂದಿನ ಬೇಕು ತಮ್ಮಾ."

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಒಂದು ದಿನವೂ ಕೇಳಲಿಲ್ಲವಲ್ಲ, ಸೋಮವಾರದ ಮಾತು ಕೇಳಬೇಕಾದದ್ದೂ ಅಲ್ಲ ಅಂದುಕೊಂಡೆ ಅಂದರು. ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ. ಕೋಣೆ ಬಂದ ಮೊದಲ ಬೇಸಿಗೆಯಿಂದಲೂ ಸೋಮವಾರ ಅದಕ್ಕೆ ಬಿಡುವೇ ಇತ್ತು. ಸುಳ್ಳು ಬರೆದವನು ನಾನು.

ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ ಸುಳ್ಳಲ್ಲ. ಬೇಸಿಗೆಯ ಬಿಸಿಲಲ್ಲಿ ಎಂಟು ತಾಸು ಯಂತ್ರ ನಿಂತರೂ ಸೋಮವಾರದ ಲಿಂಬೆ ಯಾಕೆ ಕೆಡಲಿಲ್ಲ? ಬಾಗಿಲ ಪಕ್ಕದ ಬ್ಯಾಟರಿ ಮೀಟರಿನಲ್ಲಿ ಒಳಗಿನ ತಾಪ ಕೆಂಪು ಅಂಕಿಯಲ್ಲಿ ಕಾಣುತ್ತದೆ. ಬೆಳಿಗ್ಗೆ ಒಂಬತ್ತು ಡಿಗ್ರಿ ಇತ್ತು. ನಾನು ಸಂಜೆಯವರೆಗೂ ಅಲ್ಲೇ ಕೂತೆ. ಮಧ್ಯಾಹ್ನ ಹತ್ತು. ತಗಡಿನ ಮೇಲೆ ಕಾಗೆ ಕೂಡ ಕೂರಲಾರದ ಹೊತ್ತಿನಲ್ಲಿ ಹತ್ತೂವರೆ. ಸಂಜೆ ಕರೆಂಟು ಬರುವ ಹೊತ್ತಿಗೆ ಹನ್ನೊಂದು. ಅಷ್ಟೇ. ಎಂಟು ತಾಸಿನಲ್ಲಿ ಎರಡು ಡಿಗ್ರಿ.

ಹಾಗಾದರೆ ಉಳಿದ ಆರು ದಿನ ನಾವು ಯಾವುದರ ಸಲುವಾಗಿ ಸುಡುತ್ತಿದ್ದೇವೆ?

ಈ ಸುದ್ದಿಯನ್ನು ಬಾಯಲ್ಲಿ ಇಟ್ಟುಕೊಳ್ಳಲಾಗದೆ ಗೌಡರಿಗೆ ಹೇಳಿದ್ದು ನನ್ನ ಎರಡನೆಯ ತಪ್ಪು. ಅವರಿಗೆ ಕಾಗದದ ಚಿಂತೆ ನನ್ನಷ್ಟೇ ಇತ್ತು. ಕೋಣೆ ಬರುವ ಮೊದಲು ಬೇಸಿಗೆಯಲ್ಲಿ ಲಿಂಬೆ ಎಲ್ಲ ಒಟ್ಟಿಗೇ ಹಣ್ಣಾಗಿ, ಕೇಳುವವರಿಲ್ಲದೆ ಗಿಡದ ಬುಡಕ್ಕೆ ಸುರಿದದ್ದನ್ನು ಅವರು ಕಂಡಿದ್ದರು. ಕೇಳಿದ ಕೂಡಲೇ ಅವರ ಮುಖ ಅರಳಿತು.

"ಹಂಗಾದ್ರ ದಿನಾ ಸೋಮವಾರ ಮಾಡೂಣು," ಅಂದರು.

ಪೂರ್ತಿ ಬೇಡ, ಗುರುವಾರವೂ ಒಂದು ದಿನ ನಿಲ್ಲಿಸಿ ನೋಡೋಣ ಎಂದು ನಾನೇ ಒಪ್ಪಿಕೊಂಡೆ. ಕಾಕಾ ಮಾತ್ರ ಗುರುವಾರಕ್ಕೂ ಬಿಡುವಿಗೂ ಏನು ಸಂಬಂಧ ಎಂದು ಗೊಣಗುತ್ತ ಕೀಲಿ ತಿರುಗಿಸಿದರು. ಆ ದಿನ ಮಧ್ಯಾಹ್ನದ ಹೊತ್ತಿಗೆ ಮೀಟರಿನಲ್ಲಿ ಹದಿಮೂರು ಕಂಡಿತು. ಮೂರು ಗಂಟೆಗೆ ಹದಿನೇಳು. ಒಳಗೆ ಹೋಗಿ ನೋಡಿದರೆ ಬಾಗಿಲ ಹತ್ತಿರದ ಲಿಂಬೆಗಳ ಮೈಮೇಲೆ ನೀರಿನ ಹನಿ ಕೂತಿತ್ತು, ಓಡಿ ಬಂದವನ ಹಣೆಯ ಮೇಲೆ ಬೆವರು ಕೂತ ಹಾಗೆ. ಗಾಬರಿಯಲ್ಲಿ ಜನರೇಟರ್ ಹಚ್ಚಿಸಿದೆ. ಲಿಂಬೆ ಮತ್ತೆ ತಣ್ಣಗಾದವು, ಆದರೆ ಒದ್ದೆಯಾಗಿಯೇ ತಣ್ಣಗಾದವು. ಶನಿವಾರ ಅವು ವ್ಯಾನ್ ಹತ್ತಿ ಬಿಸಿಲಲ್ಲಿ ಸಿಂದಗಿ, ಬಾಗೇವಾಡಿ ದಾಟಿದವು. ಮುದ್ದೇಬಿಹಾಳ ಮುಟ್ಟಿದ ಮರುದಿನ ಅಲ್ಲಿನ ಅಂಗಡಿಯ ಅಕ್ಕನ ಫೋನು ಬಂತು.

"ಲಿಂಬಿ ಕಳಿಸೀರೋ ಬೂಷ್ಟಿನ ಉಂಡಿ ಕಳಿಸೀರೋ, ನೀವ ಹೇಳ್ರಿ," ಅಂದಳು. "ಗಿರಾಕಿ ಮುಂದ ನಾ ಯಾವ ಹೆಸರಲೆ ಮಾರ್ಲಿ?"

ಅವಳು ಎಸೆದ ಕ್ರೇಟುಗಳನ್ನು ಕೆಟ್ಟದ್ದರ ಕಾಲಮ್ಮಿನಲ್ಲಿ ಬರೆಯುವಾಗ ನನ್ನ ಎರಡೂ ಬೆರಳು ನಿಂತವು. ಆ ಲಿಂಬೆಗೆ ಸುಟ್ಟ ಡೀಸೆಲ್ಲೂ ಹೋಯಿತು, ವ್ಯಾನಿನ ಡೀಸೆಲ್ಲೂ ಹೋಯಿತು, ಲಿಂಬೆಯೂ ಹೋಯಿತು. ಕೆಟ್ಟ ಲಿಂಬೆಯ ಹೊಗೆಯನ್ನೂ ಉಳಿದ ಲಿಂಬೆಯ ಲೆಕ್ಕಕ್ಕೇ ಹಂಚಬೇಕು ಎಂದು ಮೇಡಂ ಮೊದಲೇ ಹೇಳಿದ್ದರು. ಹೊಗೆ ಇಳಿಸಲು ಹೋಗಿ ನಾನು ಏರಿಸಿದ್ದೆ. ಮೇಡಂ ಬರುವುದು ಇನ್ನು ಹದಿನೆಂಟು ದಿನಕ್ಕೆ.

ಸೋಮವಾರಕ್ಕೂ ಗುರುವಾರಕ್ಕೂ ಏನು ವ್ಯತ್ಯಾಸ? ಬಿಸಿಲು ಒಂದೇ. ಯಂತ್ರ ಎರಡೂ ದಿನ ನಿಂತಿತ್ತು. ಕಾಕಾನ ಪ್ರಕಾರ ಒಂದು ಬಸವಣ್ಣನ ವಾರ, ಇನ್ನೊಂದು ಅಲ್ಲ. ಅದನ್ನು ನಾನು ತಳ್ಳಿಹಾಕಲಿಲ್ಲ, ಆದರೆ ಅದರ ಜೊತೆಗೆ ಇನ್ನೇನೋ ಇರಬೇಕು ಅನಿಸಿತು. ಹಳೆಯ ಸಾಲುಗಳನ್ನು ತೆಗೆದು ಕೂತೆ. ಈ ಸಲ ಜನರೇಟರಿನ ಕಾಲಮ್ಮು ನೋಡಲಿಲ್ಲ, ಉಳಿದ ಕ್ರೇಟಿನ ಕಾಲಮ್ಮು ನೋಡಿದೆ.

ಸೋಮವಾರ ಗಾಡಿ ಹೂಡುವುದಿಲ್ಲ ಎಂದು ರವಿವಾರವೇ ಎಲ್ಲರೂ ಲಿಂಬೆ ತಂದು ಹಾಕುತ್ತಿದ್ದರು. ಆ ರಾತ್ರಿ ಕೋಣೆ ಛಾವಣಿ ಮುಟ್ಟುವಷ್ಟು ತುಂಬಿ, ರಾತ್ರಿಯ ಕರೆಂಟಿನಲ್ಲಿ ಅಷ್ಟೂ ಲಿಂಬೆ ತಣ್ಣಗಾಗುತ್ತಿತ್ತು. ಸೋಮವಾರ ಯಾರೂ ಬರುವುದಿಲ್ಲ, ಬಾಗಿಲು ಒಮ್ಮೆಯೂ ತೆರೆಯುವುದಿಲ್ಲ. ಗುರುವಾರ ಕೋಣೆಯಲ್ಲಿ ಅರ್ಧಕ್ಕಿಂತ ಕಡಿಮೆ ಕ್ರೇಟು. ಬಾಗಿಲಂತೂ ಸಂತೆಯ ಹೋಟೆಲಿನ ಬಾಗಿಲ ಹಾಗೆ. ಮರುದಿನ ನಾನು ಒಂದು ಹಾಳೆಯಲ್ಲಿ ಗೆರೆ ಹಾಕುತ್ತ ಎಣಿಸಿದೆ. ಒಬ್ಬ ಎರಡು ಕ್ರೇಟು ಇಡಲು ಬಂದ, ಒಬ್ಬ ತನ್ನ ಲಿಂಬೆ ಹೇಗಿದೆ ನೋಡಲು ಬಂದ, ಮೂರು ಮಂದಿ ಬಿಸಿಲು ತಾಳದೆ ತಣ್ಣಗೆ ನಿಲ್ಲಲು ಬಂದರು. ಸಂಜೆಯೊಳಗೆ ನಲವತ್ತಮೂರು ಗೆರೆ. ಅದರಲ್ಲಿ ಆರು ನನ್ನವು. ನೀರಿನ ಬಾಟಲಿಯನ್ನು ನಾನು ಒಳಗೇ ಇಡುತ್ತಿದ್ದೆ.

ತಣ್ಣಗೆ ಇಡುತ್ತಿದ್ದದ್ದು ಯಂತ್ರವೊಂದೇ ಅಲ್ಲ, ಲಿಂಬೆಯೇ ಲಿಂಬೆಯನ್ನು ತಣ್ಣಗೆ ಇಡುತ್ತಿತ್ತು. ಇದು ಹೊಳೆದಾಗ ನಾನು ಖುರ್ಚಿಯಿಂದ ಎದ್ದು ಸುಮ್ಮನೆ ಕೋಣೆಯ ಸುತ್ತ ಒಂದು ಸುತ್ತು ಹಾಕಿ ಬಂದೆ.

ಆಮೇಲಿನ ಕೆಲಸ ಕಷ್ಟದ್ದಾಗಿರಲಿಲ್ಲ, ಜನರನ್ನು ಒಪ್ಪಿಸುವುದು ಬಿಟ್ಟರೆ. ಬಾಗಿಲು ಬೆಳಿಗ್ಗೆ ಹತ್ತರವರೆಗೆ, ಆಮೇಲೆ ಸಂಜೆ ಐದಕ್ಕೆ, ನಡುವೆ ತೆರೆಯುವುದಿಲ್ಲ ಎಂದು ಸಂಘದಲ್ಲಿ ಠರಾವಾಯಿತು. ಲಿಂಬೆ ಇಲ್ಲದ ಜಾಗದಲ್ಲಿ ಹಳೆಯ ಎಣ್ಣೆಯ ಕ್ಯಾನುಗಳನ್ನು ತೊಳೆದು ನೀರು ತುಂಬಿ ಕ್ರೇಟಿನ ಹಾಗೇ ಪೇರಿಸಿದೆವು. ರಾತ್ರಿಯ ಕರೆಂಟಿನಲ್ಲಿ ನೀರೂ ತಣ್ಣಗಾಗಲಿ ಎಂದು. ವ್ಯಾನು ದಿನವೂ ಅರ್ಧ ಖಾಲಿ ಹೋಗುತ್ತಿದ್ದದ್ದನ್ನು ನಿಲ್ಲಿಸಿ, ವಾರಕ್ಕೆ ಮೂರು ಸಲ ಪೂರ್ತಿ ತುಂಬಿ, ನಸುಕಿನಲ್ಲೇ ಬಿಡುವ ಹಾಗೆ ಮಾಡಿದೆವು. ಯಾವ ಊರಿಗೆ ಎಷ್ಟು ಬೇಕು ಎಂದು ಅಂಗಡಿಯ ಅಕ್ಕಂದಿರಿಗೆ ನಾನೇ ಹಿಂದಿನ ದಿನ ಫೋನು ಮಾಡಿ ಕೇಳುತ್ತಿದ್ದೆ. ಜನರೇಟರ್ ಎಂಟು ತಾಸಿನ ಬದಲು ಮಧ್ಯಾಹ್ನ ಎರಡು ತಾಸು ಓಡಿದರೆ ಸಾಕಾಗುತ್ತಿತ್ತು. ಮೀಟರು ಹನ್ನೊಂದು ದಾಟುತ್ತಿರಲಿಲ್ಲ.

ಮೇಡಂ ಬಂದರು. ಹೊಸ ಸಂಖ್ಯೆಗಳನ್ನು ನೋಡಿ ಹುಬ್ಬೇರಿಸಿದರು. ಅದನ್ನು ಅಲ್ಲಿಗೇ ಬಿಟ್ಟಿದ್ದರೆ ಕೋಣೆ ಉಳಿಯುತ್ತಿತ್ತೇನೋ. ಆದರೆ ಇಳಿದದ್ದು ಎಷ್ಟು ಎಂದು ಹೇಳಬೇಕಾದರೆ ಮೊದಲು ಎಷ್ಟಿತ್ತು ಅನ್ನುವುದು ನಿಜವಿರಬೇಕಲ್ಲ. ಹಳೆಯ ಸೋಮವಾರಗಳಲ್ಲಿ ಇಲ್ಲದ ಹೊಗೆ ಬರೆದಿಟ್ಟದ್ದರಿಂದ ನಮ್ಮ ಇಳಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ನಾನು ಎಲ್ಲ ಹೇಳಿದೆ. ಕಟ್ಟಿಗೆಯನ್ನೂ ತೋರಿಸಿದೆ, ಗುರುವಾರದ ಲಿಂಬೆಯನ್ನೂ ಮುಚ್ಚಲಿಲ್ಲ.

"ಇಷ್ಟು ದಿನದ ಸೋಮವಾರ ಎಲ್ಲಾ ಸುಳ್ಳೇನ್ರಿ?" ಅಂದರು.

"ಸುಳ್ಳಂತ ಬರದಿಲ್ರಿ ಮೇಡಂ. ಕಾಪಿ ಮಾಡೇನ್ರಿ."

"ಇದು ಕಾಪಿ ಮಾಡಿ ಪಾಸಾಗೂ ಪರೀಕ್ಷಾ ಅಲ್ರಿ."

ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ ಬೈಯಲಿಲ್ಲ, ಬೇರೆಯೇ ಒಂದು ಕೇಳಿದರು. ಸೋಮವಾರ ಯಂತ್ರವಿಲ್ಲದೆ ಲಿಂಬೆ ಉಳಿಯುತ್ತದೆ ಅನ್ನುವುದು ಸರಿ, ಆದರೆ ಯಂತ್ರ ಓಡಿದ್ದರೆ ಇನ್ನೂ ಚೆನ್ನಾಗಿ ಉಳಿಯುತ್ತಿತ್ತೋ ಏನೋ, ಅದು ಯಾರಿಗೆ ಗೊತ್ತು? ಒಂದು ಸೋಮವಾರ ಪೂರ್ತಿ ಎಂಟು ತಾಸು ಓಡಿಸಿ ನೋಡಬೇಕು. ಅದಾಗದೆ ನಾನು ಆಫೀಸಿಗೆ ಏನನ್ನೂ ಬರೆಯಲಾರೆ ಅಂದರು. ಪ್ರಶ್ನೆ ನನಗೂ ಸರಿ ಅನಿಸಿತು. ಇಷ್ಟು ದಿನ ನನಗೇ ಯಾಕೆ ಹೊಳೆಯಲಿಲ್ಲ ಅನಿಸಿತು. ಆದರೆ ಕಾಕಾನ ಮುಖ ನೋಡುವ ಧೈರ್ಯವಾಗಲಿಲ್ಲ.

ಕಾಕಾ ಎದ್ದು ನಿಂತು ಕೈ ಕಟ್ಟಿಕೊಂಡರು. "ಉಳಿದ ಆರು ದಿನ ಹೇಳ್ರಿ ಅಕ್ಕಾರ, ಹಗಲಿ ರಾತ್ರಿ ಓಡಸ್ತೇನಿ. ಸೋಮವಾರ ಮಾತ್ರ ನನ್ನ ಕೈಲೆ ಆಗಂಗಿಲ್ರಿ."

ಮೇಡಂ ಒತ್ತಾಯ ಮಾಡಲಿಲ್ಲ. ನಿಮ್ಮಲ್ಲೇ ಮಾತಾಡಿಕೊಳ್ಳಿ ಎಂದು ಹೋದರು. ಗೌಡರು ಕಾಕಾನನ್ನು ಬದಿಗೆ ಕರೆದೊಯ್ದು ಒಂದು ತಾಸು ಮಾತಾಡಿ, ಟವೆಲಿನಿಂದ ಮುಖ ಒರೆಸುತ್ತ ವಾಪಸು ಬಂದರು. ಕೋಣೆ ಹೋಗುತ್ತದೆ ಅಂದದ್ದಕ್ಕೆ, ಹೋದರೆ ಹೋಗಲಿ ಗೌಡ್ರ ಅಂದರಂತೆ.

ಹೋಲಿಸಲು ಬೇಕೆಂದು ಮೊದಲ ಸೋಮವಾರ, ಯಂತ್ರ ನಿಂತಿದ್ದಾಗ, ಒಂದು ಕ್ರೇಟು ಗುರುತು ಮಾಡಿ ತೂಗಿಟ್ಟೆ. ಮುಂದಿನ ಸೋಮವಾರ ಬೆಳಿಗ್ಗೆ ನಾನು ಹೋದಾಗ ಕಾಕಾ ಎಂದಿನಂತೆ ಯಂತ್ರ ಒರೆಸಿ ವಿಭೂತಿ ಹಚ್ಚಿ ಕೂತಿದ್ದರು. ನಾನು ಎದುರಿಗೆ ಕೂತೆ. ಎಂಟು ಗಂಟೆಗೆ ಕರೆಂಟು ಹೋಯಿತು, ಒಳಗಿನ ಪಂಖ ನಿಂತಿತು. ಅವರು ಕೊರಳಿನ ದಾರದಿಂದ ಕೀಲಿ ಬಿಚ್ಚಿ ನನ್ನ ಮುಂದೆ ಕಲ್ಲಿನ ಮೇಲೆ ಇಟ್ಟರು.

"ನಿನಗ ನೋಡಬೇಕಾಗೈತಿ. ನೋಡು," ಅಂದರು. "ನನ್ನ ಮುಂದ ಬ್ಯಾಡ."

ಬೇವಿನ ಮರ ದಾಟಿ ರಸ್ತೆಯವರೆಗೆ ನಡೆದು ಹೋಗಿ ಬೆನ್ನು ಮಾಡಿ ನಿಂತರು. ನಾನು ಕೀಲಿ ತಿರುಗಿಸಿದೆ. ಅಷ್ಟು ದಿನ ದಿನಾ ಕೇಳಿದ ಸದ್ದೇ ಅದು, ಆ ದಿನ ಮಾತ್ರ ಬಹಳ ದೊಡ್ಡದಾಗಿ ಕೇಳಿಸಿತು. ಎಂಟು ತಾಸು ನಾನು ಅದರ ಪಕ್ಕ ಕೂತು ತಾಸಿಗೊಮ್ಮೆ ಮೀಟರ್ ಬರೆದೆ. ಒಂಬತ್ತು, ಒಂಬತ್ತು, ಒಂಬತ್ತು. ಅದರ ಹಿಂದಿನ ಸೋಮವಾರ ಗುರುತು ಮಾಡಿ ತೂಗಿಟ್ಟ ಹಾಗೇ ಈ ವಾರವೂ ಒಂದು ಕ್ರೇಟು ಗುರುತು ಮಾಡಿ ತೂಗಿದ್ದೆ. ಎರಡನ್ನೂ ಕಿತ್ತ ದಿನದಿಂದ ಅಷ್ಟೇ ದಿನಕ್ಕೆ ಮತ್ತೆ ತೂಗಿ, ಸಿಪ್ಪೆ ಒತ್ತಿ ನೋಡಿ, ಹತ್ತತ್ತು ಲಿಂಬೆ ಕೊಯ್ದು ರಸ ಹಿಂಡಿ ಲೋಟದಲ್ಲಿ ಅಳೆದೆ. ಗೌಡರು ಎರಡೂ ಲೋಟಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಯಾವುದು ಯಾವ ಸೋಮವಾರದ್ದು ಎಂದು ಹೇಳಲು ಅವರಿಗೂ ಆಗಲಿಲ್ಲ, ನನಗೂ ಆಗಲಿಲ್ಲ.

ಒಂದು ದಿನದ ಡೀಸೆಲ್ ಪೂರ್ತಿ ಸುಟ್ಟು ನಾವು ಕೊಂಡದ್ದು ಎರಡು ಡಿಗ್ರಿ. ಲಿಂಬೆಗೆ ಆ ಎರಡು ಡಿಗ್ರಿ ಬೇಕಿರಲಿಲ್ಲ.

ಆ ಸಂಜೆಯೇ ಕಾಕಾನಿಗೆ ಕೀಲಿ ವಾಪಸು ಕೊಟ್ಟಿದ್ದೆ. ಅವರು ಒದ್ದೆ ಅರಿವೆ ತಂದು ಯಂತ್ರದ ಮೈಯನ್ನು ಮತ್ತೊಮ್ಮೆ ಒರೆಸಿದ್ದರು. ರಸ ಅಳೆದ ದಿನ ನಾನಾಗಿಯೇ ಹೇಳಿದೆ, ಓಡಿಸಿದ್ದಕ್ಕೂ ಬಿಟ್ಟದ್ದಕ್ಕೂ ಫರಕು ಬೀಳಲಿಲ್ಲ ಕಾಕಾ ಎಂದು. ಅದನ್ನು ತಿಳಿಯಲು ಅಷ್ಟು ಸುಡಬೇಕಾಗಿತ್ತೇನು ಎಂದು ಮಾತ್ರ ಕೇಳಿದರು. ಈಗಲೂ ಆ ಪ್ರಶ್ನೆಯನ್ನು ಆಗಾಗ ನಾನೇ ಕೇಳಿಕೊಳ್ಳುತ್ತೇನೆ. ಸುಡದೆ ತಿಳಿಯುವ ದಾರಿ ಇತ್ತೋ ಏನೋ.

ಹಳೆಯ ಸಾಲುಗಳನ್ನೆಲ್ಲ ತಿದ್ದಿ, ಪ್ರತಿ ಸೋಮವಾರದ ಮುಂದೆ ಸೊನ್ನೆ ಹಾಕಿ, ಯಾಕೆ ತಿದ್ದಿದೆ ಎಂದು ಕೆಳಗೆ ಬರೆದು ಕಳಿಸಿದೆ. ಅದನ್ನು ಟೈಪು ಮಾಡಲು ಮೂರು ದಿನ ಹಿಡಿಯಿತು, ಒಂದು ಸಾಲನ್ನೂ ಕಾಪಿ ಮಾಡಲಿಲ್ಲ. ತಿದ್ದಿದ ಮೇಲೆ, ಹಳೆಯ ರೀತಿಯಲ್ಲೇ ಸುಟ್ಟ ಮೊದಲ ವಾರಗಳನ್ನೂ ಕೂಡಿಸಿ ಇಡೀ ಬೇಸಿಗೆಯ ಲೆಕ್ಕ ಹಾಕಿದರೆ, ನಮ್ಮ ಇಳಿಕೆ ಅರ್ಧಕ್ಕೆ ಸ್ವಲ್ಪ ಕಡಿಮೆ ಬಿತ್ತು. ಕಾಗದದಲ್ಲಿ ಕೇಳಿದಷ್ಟು ಆಗಿರಲಿಲ್ಲ. ಎರಡು ವಾರ ನಾನು ಬೋಲ್ಟುಗಳನ್ನೇ ನೋಡುತ್ತ ಕೂತೆ.

ಮಳೆ ಶುರುವಾಗುವ ಮುಂಚೆ ಉತ್ತರ ಬಂತು. ಅರ್ಧ ಮುಟ್ಟದಿದ್ದರೂ ತಿದ್ದಿದ ಲೆಕ್ಕ ನಂಬುವಂತಿದೆ, ಕೋಣೆ ಇನ್ನೊಂದು ವರ್ಷ ಇಂಡಿಯಲ್ಲೇ ಇರಲಿ ಎಂದು ಬರೆದಿದ್ದರು. ಗುರುವಾರದ ತಪ್ಪನ್ನು ಬಿಟ್ಟರೆ ಕೆಡುವ ಲಿಂಬೆ 'ಕಡಿಮೆಯಾಗಿದೆ' ಎಂದಿದ್ದರು. ಬಾಗಿಲಿನ ಹೊತ್ತನ್ನು ಬಣ್ಣದಲ್ಲಿ ಬರೆಸಿ, ಒಬ್ಬರನ್ನು ಅದಕ್ಕೇ ಗೊತ್ತು ಮಾಡಬೇಕು ಎಂದು ಷರತ್ತಿತ್ತು. ಜನರೇಟರ್ ಎರಡೇ ತಾಸು ಓಡುವುದರಿಂದ ಕಾಕಾನಿಗೆ ಹೊತ್ತು ಹೋಗುತ್ತಿರಲಿಲ್ಲ. ಬಾಗಿಲಿನ ಕೀಲಿಯೂ ಅವರ ಕೊರಳಿಗೇ ಬಂತು.

ಅದಾದ ವಾರದಲ್ಲೇ ಒಂದು ದಿನ ಗೌಡರ ಮೂರು ಗಾಲಿಯ ಟಂಟಂ ಹತ್ತೂವರೆಗೆ ಬಂದು ನಿಂತಿತು. ಬೀಗರ ತೋಟದ ಲಿಂಬೆ, ಎಂಟು ಕ್ರೇಟು. ಕಾಕಾ ಗೋಡೆಯ ಮೇಲಿನ ಬರಹವನ್ನು ಕೈಯಿಂದ ತೋರಿಸಿದರು. ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ, ಆದರೆ ಎಲ್ಲಿ ಏನು ಬರೆದಿದೆ ಅನ್ನುವುದು ಗೊತ್ತಿತ್ತು.

"ಠರಾವು ಮಾಡಿದಂವ ನಾನ. ಅಧ್ಯಕ್ಷ ಅದೇನಿ," ಅಂದರು ಗೌಡರು.

"ಒಳಗಿನ ಥಂಡಿಗಿ ಅದು ಗೊತ್ತಿಲ್ರಿ ಗೌಡ್ರ. ಐದಕ್ಕ ಬರ್ರಿ."

ಗೌಡರು ನನ್ನ ಕಡೆ ನೋಡಿದರು. ನಾನು ಕಂಪ್ಯೂಟರಿನ ಕಡೆ ನೋಡಿದೆ. ಕೊನೆಗೆ ಅವರೇ ಕ್ರೇಟುಗಳನ್ನು ಬೇವಿನ ನೆರಳಿಗೆ ಇಳಿಸಿ, ಒದ್ದೆ ತಟ್ಟು ಹೊದಿಸಿ, ಪಕ್ಕದ ಕಲ್ಲಿನ ಮೇಲೆ ಕೂತರು. ಮನೆಗೆ ಹೋಗಿ ಬರಬಹುದಿತ್ತು, ಹೋಗಲಿಲ್ಲ. ಚಹಾ ತರಿಸಿ ಮೂವರೂ ಕುಡಿದೆವು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೇಳಿದರು, ಒಳಗೆ ಈಗ ಎಷ್ಟಿದೆ ಎಂದು. ಎದ್ದು ನೋಡಿ ಒಂಬತ್ತೂವರೆ ಅಂದೆ. ಅವರು ಗಡಿಯಾರ ನೋಡಿಕೊಂಡರು. ಅರ್ಧ ತಾಸಿಗೆ ಮತ್ತೆ ಕೇಳಿದರು. ಮೂರನೆಯ ಸಲ ನನ್ನನ್ನು ಕೇಳಲಿಲ್ಲ, ತಾವೇ ಎದ್ದು ಮೀಟರಿನ ಮುಂದೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಅಂಕಿ ಬದಲಾಗುತ್ತದೋ ಇಲ್ಲವೋ ಎಂದು ನೋಡುತ್ತ ನಿಂತರು.